ಶುಲ್ಕ ಎಷ್ಟು ಎಂಬುದು ಆಮೇಲಿನ ಮಾತು, ಯಾವಾಗ ಹೇಳುತ್ತೀರಿ?

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಕಡೆ ಎರಡು ಸರದಿಗಳು ಕಾಣಿಸಿಕೊಳ್ಳುತ್ತವೆ. ಒಂದು ಬೀಜ–ಗೊಬ್ಬರದ ಅಂಗಡಿಯ ಮುಂದೆ, ಇನ್ನೊಂದು ಕಾಲೇಜಿನ ಶುಲ್ಕದ ಕಿಟಕಿಯ ಮುಂದೆ. ಸಿಂಧನೂರು, ಸಿರುಗುಪ್ಪ, ಗಂಗಾವತಿಯಂತಹ ಊರುಗಳಲ್ಲಿ ಎಷ್ಟೋ ಸಲ ಎರಡೂ ಕಡೆ ನಿಂತವರು ಒಂದೇ ಮನೆಯವರಾಗಿರುತ್ತಾರೆ. ಇಲ್ಲಿ ಅಪ್ಪ, ಅಲ್ಲಿ ಮಗಳು. ಇಬ್ಬರ ಕೈಯಲ್ಲಿರುವ ನೋಟುಗಳೂ ಒಂದೇ ಗಂಟಿನಿಂದ ಬಿಚ್ಚಿದವು. ಅಂಗಡಿಯಲ್ಲಿ ಗೊಬ್ಬರದ ದರ ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಕಾಲೇಜಿನ ಕಿಟಕಿಯಲ್ಲಿ ಎಷ್ಟು ಕೇಳುತ್ತಾರೆ ಎಂಬುದು ಅನೇಕ ಸಲ ಕಿಟಕಿಯ ಹತ್ತಿರ ಹೋದ ಮೇಲೆಯೇ ತಿಳಿಯುತ್ತದೆ.

ಶುಲ್ಕದ ಬಗ್ಗೆ ನಮ್ಮಲ್ಲಿ ಜಗಳಕ್ಕೆ ಕೊರತೆ ಇಲ್ಲ. ಏರಿಕೆಯಾದ ಮರುದಿನ ವಿದ್ಯಾರ್ಥಿ ಸಂಘಟನೆಗಳು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುತ್ತವೆ, ಮನವಿಪತ್ರ ಕೊಡುತ್ತವೆ, ಒಂದಿಷ್ಟು ಕಡಿಮೆಯಾಗುತ್ತದೆ ಅಥವಾ ಆಗುವುದಿಲ್ಲ. ಈ ಜಗಳವೆಲ್ಲ ‘ಎಷ್ಟು’ ಎಂಬುದರ ಸುತ್ತಲೇ ತಿರುಗುತ್ತದೆ. ‘ಯಾವಾಗ ನಿಗದಿ ಮಾಡಿದಿರಿ, ಯಾವಾಗ ಹೇಳಿದಿರಿ’ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಈ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ದೊಡ್ಡದು. ಶುಲ್ಕವನ್ನು ಪ್ರಕಟಿಸುವ ದಿನಾಂಕವೂ ಶುಲ್ಕದ ಒಂದು ಭಾಗವೇ, ಅದಕ್ಕೂ ರೂಪಾಯಿಯಲ್ಲಿ ಬೆಲೆ ಇದೆ.

ನನ್ನದೇ ಒಂದು ಹಳೆಯ ಲೆಕ್ಕ ಹೇಳುತ್ತೇನೆ. ಸ್ನಾತಕೋತ್ತರ ಪದವಿಗೆ ಸೇರುವಾಗ ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಕೇಳಿ ಶುಲ್ಕ ತಿಳಿದುಕೊಂಡಿದ್ದೆ. ಅಪ್ಪ ಅಷ್ಟನ್ನು ಎಣಿಸಿ, ಮೇಲೆ ಬಸ್ಸಿನ ಖರ್ಚು ಸೇರಿಸಿ ಕೊಟ್ಟಿದ್ದರು. ಕಿಟಕಿಯ ಪಕ್ಕದ ಗೋಡೆಗೆ ಹೊಸ ಸುತ್ತೋಲೆ ಅಂಟಿಸಿದ್ದರು, ಅಂಟು ಇನ್ನೂ ಆರಿರಲಿಲ್ಲ. ಮುನ್ನೂರ ನಲವತ್ತು ರೂಪಾಯಿ ಕಡಿಮೆ ಬಿತ್ತು. ಬಸ್ ನಿಲ್ದಾಣದ ಹೋಟೆಲಿನ ಮಾಲೀಕರು ನಮ್ಮೂರಿನ ಕಡೆಯವರು ಎಂಬ ಒಂದೇ ಕಾರಣಕ್ಕೆ ಆ ಸೀಟು ನನಗೆ ಉಳಿಯಿತು. ಆ ವರ್ಷ ಶುಲ್ಕ ಏರಿಸಿದ್ದು ತಪ್ಪು ಎಂದು ನನಗೆ ಇಂದಿಗೂ ಅನಿಸಿಲ್ಲ, ಪ್ರಯೋಗಾಲಯದ ಸ್ಥಿತಿ ನೋಡಿದ್ದರೆ ನೀವೂ ಹಾಗೆಯೇ ಹೇಳುತ್ತಿದ್ದಿರಿ. ಒಂದು ತಿಂಗಳು ಮೊದಲು ಹೇಳಿದ್ದರೆ ಅಪ್ಪ ಇನ್ನೊಂದು ಚೀಲ ಜೋಳ ಮಾರುತ್ತಿದ್ದರು, ಅಷ್ಟೇ.

ಮುನ್ನೂರ ನಲವತ್ತು ಇಂದಿನ ಮೊತ್ತವಲ್ಲ. ಆದ್ದರಿಂದ ಇಂದಿನ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಪ್ರವೇಶದ ದಿನ ಒಂದು ಮನೆಗೆ 6,000 ರೂಪಾಯಿ ಕಡಿಮೆ ಬಿತ್ತು ಎಂದುಕೊಳ್ಳಿ. ಮೂರು ದಿನದಲ್ಲಿ ಹೊಂದಿಸಬೇಕು. ಬ್ಯಾಂಕು ಮೂರು ದಿನದಲ್ಲಿ ಸಾಲ ಕೊಡುವುದಿಲ್ಲ, ಸ್ವಸಹಾಯ ಸಂಘದ ಸರದಿ ಬಂದಿರುವುದಿಲ್ಲ. ಉಳಿದವರು ದಲಾಲಿ ಅಂಗಡಿಯವರು ಅಥವಾ ಊರಿನ ಕೈಸಾಲದವರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಭತ್ತ ಮಾರಿ ತೀರಿಸುವ ಹೊತ್ತಿಗೆ ಐದು ತಿಂಗಳು ಕಳೆದರೆ ಬಡ್ಡಿಯೇ 900 ರೂಪಾಯಿ. ಈ 900 ರೂಪಾಯಿ ವಿಶ್ವವಿದ್ಯಾಲಯದ ಖಾತೆಗೆ ಬರುವುದಿಲ್ಲ, ಗ್ರಂಥಾಲಯಕ್ಕೆ ಒಂದು ಪುಸ್ತಕವೂ ಆಗುವುದಿಲ್ಲ. ತಡವಾಗಿ ಹೇಳಿದ್ದಕ್ಕೆ ಆ ಮನೆ ತೆತ್ತ ದಂಡ ಅದು, ಯಾವ ರಸೀದಿಯಲ್ಲೂ ಇರುವುದಿಲ್ಲ.

ಹಾಗಾದರೆ ಮೊದಲೇ ಹೇಳಲು ವಿಶ್ವವಿದ್ಯಾಲಯಕ್ಕೆ ಏನು ಅಡ್ಡಿ? ಇದು ಕಚೇರಿಯವರ ಸೋಮಾರಿತನ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅಷ್ಟು ಸರಳವಲ್ಲ. ಮೊದಲು ರಸೀದಿಯನ್ನೇ ಬಿಡಿಸಿ ನೋಡಬೇಕು.

ಬಳ್ಳಾರಿ ಅಥವಾ ಕೊಪ್ಪಳ ಜಿಲ್ಲೆಯ ಯಾವುದಾದರೂ ಸರ್ಕಾರಿ ಪದವಿ ಕಾಲೇಜಿಗೆ ಸೇರಿದ ವಿದ್ಯಾರ್ಥಿ ಕೊಡುವುದು ಒಂದೇ ಮೊತ್ತವಾದರೂ ಅದಕ್ಕೆ ಒಡೆಯರು ಹಲವರು. ಬೋಧನಾ ಶುಲ್ಕ, ಪ್ರವೇಶ ಶುಲ್ಕ, ಪ್ರಯೋಗಾಲಯ ಶುಲ್ಕದಂಥವು ಸರ್ಕಾರದ ಆದೇಶದಂತೆ ನಡೆಯುತ್ತವೆ. ಕಾಲೇಜು ಶಿಕ್ಷಣ ಇಲಾಖೆಯ ಸುತ್ತೋಲೆ ಅದಕ್ಕೆ ಆಧಾರ. ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇರುವುದೂ ಸರ್ಕಾರದ ಆದೇಶದಿಂದಲೇ. ನೋಂದಣಿ, ಕ್ರೀಡೆ, ವಿದ್ಯಾರ್ಥಿ ಕಲ್ಯಾಣ ನಿಧಿ, ಪರೀಕ್ಷೆ, ಅಂಕಪಟ್ಟಿ ಇವೆಲ್ಲ ವಿಶ್ವವಿದ್ಯಾಲಯದ ಪಾಲು. ಇವುಗಳ ಜೊತೆಗೆ ಕಾಲೇಜು ಅಭಿವೃದ್ಧಿ ಸಮಿತಿ ಎಂದು ಒಂದು ಇರುತ್ತದೆ, ಅದರ ಹೆಸರಿನಲ್ಲಿಯೂ ಒಂದು ಸಾಲು. ‘ಬೋಧನಾ ಶುಲ್ಕ ಇಲ್ಲ ಎಂದಿದ್ದರಲ್ಲ, ಮತ್ತೆ ಇಷ್ಟೊಂದು ಯಾಕೆ’ ಎಂದು ಹೆಣ್ಣುಮಕ್ಕಳ ಪೋಷಕರು ಪ್ರತಿವರ್ಷ ಕೇಳುವ ಪ್ರಶ್ನೆಯ ಉತ್ತರ ಇಲ್ಲಿದೆ. ವಿನಾಯಿತಿ ಇರುವುದು ಒಂದು ಸಾಲಿಗೆ, ರಸೀದಿಯಲ್ಲಿ ಇರುವುದು ಹತ್ತಾರು ಸಾಲು.

ಒಡೆಯರು ಹಲವರಾದಾಗ ಪಂಚಾಂಗಗಳೂ ಹಲವು. ಸರ್ಕಾರದ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಆರಂಭ, ರಾಜ್ಯ ಬಜೆಟ್ ಅದಕ್ಕೆ ಸ್ವಲ್ಪ ಮೊದಲು, ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಕಾಯಂ ಸಿಬ್ಬಂದಿಯ ಸಂಬಳಕ್ಕೆ ಎಷ್ಟು ಅನುದಾನ ಬರುತ್ತದೆ ಎಂಬುದು ಅಲ್ಲಿಯವರೆಗೂ ಖಚಿತವಿಲ್ಲ. ಬಂದ ಮೇಲೂ ಅತಿಥಿ ಉಪನ್ಯಾಸಕರ ಗೌರವಧನ, ವಿದ್ಯುತ್ ಬಿಲ್ಲು, ಪರೀಕ್ಷೆಯ ವೆಚ್ಚವನ್ನು ವಿಶ್ವವಿದ್ಯಾಲಯ ಬಹುಮಟ್ಟಿಗೆ ತನ್ನ ಆದಾಯದಿಂದಲೇ ತೂಗಿಸಬೇಕು. ಆ ಆದಾಯ ಎಂದರೆ ವಿದ್ಯಾರ್ಥಿಗಳ ಶುಲ್ಕ ಮತ್ತು ಸಂಯೋಜಿತ ಕಾಲೇಜುಗಳು ಕಟ್ಟುವ ಹಣ. ಎಷ್ಟು ವಿದ್ಯಾರ್ಥಿಗಳು ಸೇರುತ್ತಾರೆ ಎಂಬುದು ಪ್ರವೇಶ ಮುಗಿಯುವವರೆಗೂ ತಿಳಿಯದು. ಖರ್ಚೂ ಗೊತ್ತಿಲ್ಲ, ಆದಾಯವೂ ಗೊತ್ತಿಲ್ಲ, ಶುಲ್ಕ ಮಾತ್ರ ಮೊದಲೇ ಹೇಳಿ ಎಂದರೆ ಹಣಕಾಸು ಅಧಿಕಾರಿಗೆ ಕಷ್ಟವೇ. ಅವರ ಕುರ್ಚಿಯಲ್ಲಿ ಕುಳಿತು ನೋಡಿದರೆ ಕಾಯುವುದೇ ಜಾಣತನ ಎನಿಸುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ಕಷ್ಟ ಉಳಿದ ಕಡೆಗಿಂತ ಹೆಚ್ಚು. ಅದಕ್ಕೆ ಕಾರಣ ವಿಭಜನೆಗಳ ಚರಿತ್ರೆ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಬಂದಾಗ ಈ ಭಾಗವೆಲ್ಲ ಅದರ ಕೆಳಗಿತ್ತು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿತು, ಬಳ್ಳಾರಿ ಮತ್ತು ಕೊಪ್ಪಳ ಅದರ ಪಾಲಿಗೆ ಬಂದವು. ಮುಂದೆ ಗುಲ್ಬರ್ಗಾದಿಂದ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳು ಬೇರೆಯಾಗಿ ಯರಗೇರಾದಲ್ಲಿ ರಾಯಚೂರು ವಿಶ್ವವಿದ್ಯಾಲಯವಾಯಿತು. 2022ರ ಬಜೆಟ್‌ನಲ್ಲಿ ಘೋಷಣೆಯಾದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳವೂ ಒಂದು, ಅದು ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ 2023ರಲ್ಲಿ ಬಾಗಿಲು ತೆರೆಯಿತು.

ಊರ ಹತ್ತಿರ ವಿಶ್ವವಿದ್ಯಾಲಯ ಬಂದದ್ದು ಒಳ್ಳೆಯದೇ. ತಳಕಲ್‌ಗೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಹುಡುಗಿಯನ್ನು ಕಲಬುರಗಿಯ ಹಾಸ್ಟೆಲಿಗೆ ಕಳಿಸಲು ಆ ಮನೆಯವರು ಒಪ್ಪುತ್ತಿರಲಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಅಣ್ಣತಮ್ಮಂದಿರು ಬೇರೆಯಾದಂತೆ ಆಯಿತು. ಒಂದು ಜಿಲ್ಲೆಯ ಕಾಲೇಜುಗಳು ಹೊಸ ವಿಶ್ವವಿದ್ಯಾಲಯಕ್ಕೆ ಹೋದರೆ ಅವುಗಳ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೂ ಹೋಗುತ್ತವೆ. ಹಳೆಯ ಮನೆಯ ಸಾಲ ಮತ್ತು ಪಿಂಚಣಿಯ ಹೊರೆ ಹಳೆಯ ಮನೆಯಲ್ಲೇ ಉಳಿಯುತ್ತದೆ. ಹೊಸ ಮನೆಗೆ ಆದಾಯ ಬರುತ್ತದೆ, ಗೋಡೆಗಳಿಲ್ಲ. ಇಬ್ಬರಿಗೂ ವರ್ಷದ ನಡುವೆ ಹಣ ಬಿಗಿಯಾಗುತ್ತದೆ, ಆಗ ಕೈಗೆ ಸುಲಭವಾಗಿ ಸಿಗುವುದು ಶುಲ್ಕದ ಪಟ್ಟಿ. ಇದರ ಮೇಲೆ 2025ರ ಆರಂಭದಲ್ಲಿ ಕೊಪ್ಪಳವೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ಹಳೆಯದಕ್ಕೆ ಸೇರಿಸುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂತು. ನಾಳೆ ಯಾರ ಹೆಸರಿನ ಅಂಕಪಟ್ಟಿ ಬರುತ್ತದೆ ಎಂದೇ ಗೊತ್ತಿಲ್ಲದ ವಿದ್ಯಾರ್ಥಿ ಮೂರು ವರ್ಷದ ಖರ್ಚನ್ನು ಹೇಗೆ ಅಂದಾಜು ಮಾಡಬೇಕು?

ಪದವಿಗೆ ಎಷ್ಟು ವರ್ಷ ಎಂಬುದೂ ನಡುವೆ ಬದಲಾಗಿದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024–25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಶುಲ್ಕ ಒಂದು ರೂಪಾಯಿ ಬದಲಾಗದಿದ್ದರೂ ಪದವಿಯ ಒಟ್ಟು ಬೆಲೆ ಬದಲಾಯಿತು.

ಇಷ್ಟು ಕಷ್ಟ ಹೇಳಿದ ಮೇಲೂ ನಾನು ವಿಶ್ವವಿದ್ಯಾಲಯದ ಪಕ್ಷ ವಹಿಸಲಾರೆ. ಅನಿಶ್ಚಿತತೆ ಇರುವುದು ನಿಜ, ಅದನ್ನು ಯಾರು ಹೊರಬೇಕು ಎಂಬುದು ಪ್ರಶ್ನೆ. ಒಂದು ಕಡೆ ಹಣಕಾಸು ಅಧಿಕಾರಿ, ಹಣಕಾಸು ಸಮಿತಿ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್, ಹಿಂದೆ ಸರ್ಕಾರ. ಇನ್ನೊಂದು ಕಡೆ ಎರಡು ಎಕರೆ ಹತ್ತಿ ಹಾಕಿದ ಮನೆ. ತಡವಾಗಿ ಶುಲ್ಕ ನಿಗದಿ ಮಾಡಿದಾಗ ದೊಡ್ಡವರು ತಮ್ಮ ತಲೆಯ ಮೇಲಿದ್ದ ಮೂಟೆಯನ್ನು ಸದ್ದಿಲ್ಲದೆ ಚಿಕ್ಕವರ ತಲೆಗೆ ದಾಟಿಸಿದಂತೆ. ಆ ಮನೆಗೆ ಅನಿಶ್ಚಿತತೆ ಹೊಸದೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋದಾಗ ಕಾಲುವೆಯ ಕೊನೆ ಭಾಗದ ರೈತರು ಎಷ್ಟು ರಾತ್ರಿ ನಿದ್ದೆ ಬಿಟ್ಟರು ಎಂಬುದು ಇಲ್ಲಿಯವರಿಗೆ ಗೊತ್ತು. ಮಳೆ ಮತ್ತು ಗೇಟಿನ ಜೊತೆಗೆ ಸುತ್ತೋಲೆಯನ್ನೂ ಅವರು ಕಾಯಬೇಕೆ?

ಕಾನೂನು ಈ ಬಗ್ಗೆ ಏನನ್ನೂ ಹೇಳಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹೇಳಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಮಾಡಿದ ನಿಯಮಗಳಲ್ಲಿ ಒಂದು ಅಂಶ ಇದೆ. ಪ್ರವೇಶ ಪ್ರಕ್ರಿಯೆ ಆರಂಭವಾಗುವ ಕನಿಷ್ಠ 60 ದಿನ ಮೊದಲು ಸಂಸ್ಥೆ ತನ್ನ ವಿವರಣಾ ಪುಸ್ತಿಕೆಯನ್ನು ಪ್ರಕಟಿಸಬೇಕು, ಅದರಲ್ಲಿ ಶುಲ್ಕ, ಠೇವಣಿ ಮತ್ತು ಇತರ ವಸೂಲಿಗಳ ಪ್ರತಿಯೊಂದು ಭಾಗವನ್ನೂ ಬಿಡಿಬಿಡಿಯಾಗಿ ಹೇಳಬೇಕು. 2023ರ ನಿಯಮಗಳಲ್ಲಿಯೂ ಇದು ಇದೆ. ‘60 ದಿನ’ ಎಂಬ ಈ ಮಾತು ಜಾಣತನದ್ದು, ಯಾಕೆಂದರೆ ಅದು ತಿಂಗಳನ್ನು ಹೆಸರಿಸುವುದಿಲ್ಲ. ನಮ್ಮಲ್ಲಿ ಪದವಿಯ ಆರನೇ ಸೆಮಿಸ್ಟರ್ ಫಲಿತಾಂಶ ತಡವಾದರೆ ಸ್ನಾತಕೋತ್ತರ ಪ್ರವೇಶವೂ ತಡವಾಗುತ್ತದೆ, ದೀಪಾವಳಿ ದಾಟಿದ ಉದಾಹರಣೆಗಳೂ ಇವೆ. ಜೂನ್ ಎಂದು ಬರೆದಿದ್ದರೆ ನಿಯಮ ಹಳ್ಳ ಹಿಡಿಯುತ್ತಿತ್ತು. ಪ್ರವೇಶ ಯಾವಾಗ ಶುರುವಾದರೂ ಅದಕ್ಕೆ ಎರಡು ತಿಂಗಳು ಹಿಂದೆ ಶುಲ್ಕ ಗೋಡೆಯ ಮೇಲೆ ಇರಬೇಕು ಎನ್ನುವುದು ನಿಯಮದ ತಿರುಳು.

ಇದನ್ನು ಯುಜಿಸಿಯ ಇನ್ನೊಂದು ನಿಯಮದ ಪಕ್ಕದಲ್ಲಿಟ್ಟು ಓದಿದಾಗ ತಡವಾಗಿ ನಿಗದಿಯಾಗುವ ಶುಲ್ಕದ ನಿಜವಾದ ಅಪಾಯ ಕಾಣುತ್ತದೆ. ಶುಲ್ಕ ಮರುಪಾವತಿಯ ಬಗ್ಗೆ 2018ರಲ್ಲಿ ಬಂದ ಅಧಿಸೂಚನೆ ಅದು. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಸೀಟು ಬಿಟ್ಟರೆ ಪೂರ್ತಿ ಹಣ ವಾಪಸ್, ಸಣ್ಣ ಕಡಿತವೊಂದನ್ನು ಬಿಟ್ಟು. ಕೊನೆಯ ದಿನದ ಹಿಂದಿನ 15 ದಿನಗಳಲ್ಲಾದರೆ ಶೇ 90. ಕೊನೆಯ ದಿನದ ನಂತರ 15 ದಿನದೊಳಗೆ ಶೇ 80, ಅಲ್ಲಿಂದ 30 ದಿನದವರೆಗೆ ಶೇ 50. ಅದು ದಾಟಿದರೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇನ್ನೂ ಉದಾರವಾಗಿ ದಿನಾಂಕ ಗೊತ್ತುಮಾಡಿದೆ. 2024–25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ಮರುಪಾವತಿ, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮೀರದ ಕಡಿತ ಎಂದಿತ್ತು.

ಈಗ ಯೋಚಿಸಿ. ವಿದ್ಯಾರ್ಥಿ ಸೇರಿದ, ಕೊನೆಯ ದಿನಾಂಕ ಕಳೆಯಿತು, ಇನ್ನೂ ಒಂದು ತಿಂಗಳು ಕಳೆಯಿತು. ಆಮೇಲೆ ‘ಪರಿಷ್ಕೃತ ಶುಲ್ಕ, ವ್ಯತ್ಯಾಸದ ಮೊತ್ತ ಕಟ್ಟತಕ್ಕದ್ದು’ ಎಂಬ ಸುತ್ತೋಲೆ ಬಂತು. ಬೇಡ ಎಂದು ಹೊರಬಂದರೆ ಕಟ್ಟಿದ್ದೂ ಹೋಯಿತು. ಬೇರೆ ಕಾಲೇಜುಗಳ ಬಾಗಿಲು ಮುಚ್ಚಿವೆ. ‘ಇಷ್ಟಾದರೆ ಆಗುವುದಿಲ್ಲ’ ಎಂದು ಹೇಳುವ ಅವಕಾಶವೇ ಇಲ್ಲದ ಹೊತ್ತಿನಲ್ಲಿ ಬೆಲೆ ಹೇಳುವುದು ವ್ಯಾಪಾರದ ಧರ್ಮವೂ ಅಲ್ಲ. ಎಪಿಎಂಸಿಯಲ್ಲಿ ಹತ್ತಿ ತೂಗಿದ ಮೇಲೆ ದರ ಇಳಿಸಿದರೆ ರೈತ ಸುಮ್ಮನಿರುತ್ತಾನೆಯೇ? ತಳಮಳ ಹೆಚ್ಚುವುದಕ್ಕೆ ಇನ್ನೊಂದು ಕಾರಣವಿದೆ. ಸಂವಿಧಾನದ 371ಜೆ ವಿಧಿಯಂತೆ ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ 70ರಷ್ಟು ಸ್ಥಾನ ಸ್ಥಳೀಯರಿಗೆ ಮೀಸಲು. ನಮ್ಮ ಮಕ್ಕಳಿಗೆ ಸುಲಭವಾಗಿ ಸಿಗುವ ಸೀಟು ಇಲ್ಲಿಯದೇ, ಆದ್ದರಿಂದ ಇಲ್ಲಿಯ ಸುತ್ತೋಲೆಯಿಂದ ತಪ್ಪಿಸಿಕೊಳ್ಳಲು ದಾರಿಯೂ ಕಡಿಮೆ.

ವಿದ್ಯಾರ್ಥಿವೇತನ ಇದೆಯಲ್ಲ ಎನ್ನಬಹುದು. ಇದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ರೈತರ ಮಕ್ಕಳಿಗೆ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ. ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ, ಬಿಎಸ್‌ಸಿಯಂತಹ ಪದವಿಗಳಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಯಿತು. ಈ ಮೊತ್ತಗಳು ಮೊದಲೇ ಗೊತ್ತಿವೆ, ಗಮನಿಸಿ. ಕೊಡುವ ಸರ್ಕಾರ ಮೊದಲೇ ಹೇಳಬಲ್ಲದು, ಪಡೆಯುವ ವಿಶ್ವವಿದ್ಯಾಲಯ ಹೇಳಲಾರದು! ಅದಿರಲಿ. ವಿದ್ಯಾರ್ಥಿವೇತನದ ತೊಡಕು ಎಂದರೆ ಅದು ಬರುವುದು ಶುಲ್ಕ ಕಟ್ಟಿದ ಎಷ್ಟೋ ತಿಂಗಳ ಮೇಲೆ. ವಿದ್ಯಾರ್ಥಿ ಕಟ್ಟಿದ ಶುಲ್ಕವನ್ನು ಸರ್ಕಾರ ತುಂಬಿಕೊಡುವ ಲೆಕ್ಕವೂ ಅಧಿಕೃತವಾಗಿ ನಿಗದಿಯಾದ ಶುಲ್ಕದ ಮೇಲೆಯೇ ನಿಂತಿರುವುದರಿಂದ, ಪಟ್ಟಿ ತಡವಾದರೆ ಅದೂ ಕುಂಟುತ್ತದೆ.

ಇಷ್ಟರವರೆಗೆ ವರ್ಷದ ಯಾವ ತಿಂಗಳು ಎಂದು ಮಾತಾಡಿದೆವು. ‘ಯಾವಾಗ’ ಎಂಬುದಕ್ಕೆ ಇನ್ನೊಂದು ಅರ್ಥವಿದೆ. ವಿದ್ಯಾರ್ಥಿಯ ಓದಿನ ಯಾವ ಹಂತದಲ್ಲಿ? ಸೇರುವಾಗ ಹೇಳಿದ್ದು ಮುಗಿಯುವವರೆಗೂ ನಿಲ್ಲಬೇಕೆ, ಅಥವಾ ಪ್ರತಿವರ್ಷ ಹೊಸದಾಗಿ ಹೇಳಬಹುದೆ? ಇಲ್ಲಿ ಹೊರಗಿನ ಒಂದೆರಡು ಪ್ರಯೋಗಗಳನ್ನು ನೋಡುವುದು ಒಳ್ಳೆಯದು.

ಅಮೆರಿಕದ ಇಲಿನಾಯ್ ರಾಜ್ಯ 2003ರಲ್ಲಿ ಒಂದು ಕಾನೂನು ಮಾಡಿತು. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಸ್ಥಳೀಯ ವಿದ್ಯಾರ್ಥಿಯ ಬೋಧನಾ ಶುಲ್ಕವನ್ನು ನಾಲ್ಕು ವರ್ಷ ಏರಿಸುವಂತಿಲ್ಲ. ಮೊದಲ ದಿನದ ದರವೇ ಕೊನೆಯ ದಿನದ ದರ. ಕೇಳಲು ಸೊಗಸಾಗಿದೆ. ಆದರೆ ನಾಲ್ಕು ವರ್ಷ ಕೈಕಟ್ಟಿ ಕೂರಬೇಕು ಎಂದು ಗೊತ್ತಾದ ವಿಶ್ವವಿದ್ಯಾಲಯ ಏನು ಮಾಡುತ್ತದೆ? ಮುಂದಿನ ಬೆಲೆಯೇರಿಕೆಯನ್ನೆಲ್ಲ ಅಂದಾಜು ಮಾಡಿ ಮೊದಲ ವರ್ಷವೇ ಸೇರಿಸಲು ನೋಡುತ್ತದೆ. ನಮ್ಮಲ್ಲಿ ಮೂರು ವರ್ಷಕ್ಕೆ ಹೊಲ ಲೀಜಿಗೆ ಕೊಡುವಾಗ ಮಾಲೀಕ ಮಾಡುವುದೂ ಇದನ್ನೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2021ರ ಜುಲೈನಲ್ಲಿ ಇದೇ ಬಗೆಯ ಯೋಜನೆಗೆ ಒಪ್ಪಿತು. 2022ರಿಂದ ಸೇರುವ ಪ್ರತಿಯೊಂದು ತಂಡಕ್ಕೂ ತನ್ನದೇ ದರ, ಆ ದರ ಆರು ವರ್ಷದವರೆಗೆ ಬದಲಾಗುವುದಿಲ್ಲ. ಹೊಸ ತಂಡಕ್ಕೆ ಮಾತ್ರ ಏರಿಕೆ. ಇದರಲ್ಲಿ ಒಂದೇ ಗ್ರಂಥಾಲಯದಲ್ಲಿ ಎದುರುಬದುರು ಕುಳಿತ ಅಕ್ಕ–ತಂಗಿ ಬೇರೆ ಬೇರೆ ಶುಲ್ಕ ಕೊಡುವ ವಿಚಿತ್ರ ಇದ್ದೇ ಇದೆ. ಆದರೆ ತಾನು ಎಷ್ಟು ಕೊಡಬೇಕು ಎಂಬುದು ಅಕ್ಕನಿಗೂ ಗೊತ್ತು, ತಂಗಿಗೂ ಗೊತ್ತು.

ಇಂಗ್ಲೆಂಡ್‌ನದು ಬೇರೆ ದಾರಿ. ಅಲ್ಲಿ ಗರಿಷ್ಠ ಮಿತಿಯನ್ನು ಸರ್ಕಾರವೇ ಹೇಳುತ್ತದೆ. 2012ರಲ್ಲಿ ವರ್ಷಕ್ಕೆ 9,000 ಪೌಂಡ್, 2017ರಲ್ಲಿ 9,250. ಆಮೇಲೆ ವರ್ಷಗಟ್ಟಲೆ ಅಲ್ಲಿಯೇ ನಿಂತಿತು. 2025ರ ಶರತ್ಕಾಲದಿಂದ 9,535 ಎಂದು ಪ್ರಕಟಿಸಿದ್ದು 2024ರ ನವೆಂಬರ್‌ನಲ್ಲಿ, ಅಂದರೆ ಹೆಚ್ಚುಕಡಿಮೆ ಹತ್ತು ತಿಂಗಳು ಮೊದಲು. ಮೊತ್ತದ ಬಗ್ಗೆ ಅಲ್ಲಿ ಬೇಕಾದಷ್ಟು ಬೈಗುಳ ಬಿದ್ದವು. ಅಷ್ಟು ದುಬಾರಿ ಶುಲ್ಕವನ್ನು ನಾನು ಮೆಚ್ಚುತ್ತಲೂ ಇಲ್ಲ. ದಿನಾಂಕದ ಶಿಸ್ತನ್ನು ಮಾತ್ರ ಎತ್ತಿ ತೋರಿಸುತ್ತಿದ್ದೇನೆ.

ಎಷ್ಟು ವರ್ಷಕ್ಕೊಮ್ಮೆ ಏರಿಸಬೇಕು ಎಂಬುದು ಮೂರನೆಯ ‘ಯಾವಾಗ’. ಶುಲ್ಕ ಏರಿಸದೇ ಇರುವುದೇ ಬಡವರ ಪರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಏರಿಸದೆ ಬಿಟ್ಟ ಶುಲ್ಕ ಎಲ್ಲಿಗೂ ಹೋಗುವುದಿಲ್ಲ, ಮಣ್ಣಿನೊಳಗೆ ಕಾಯುತ್ತಿರುತ್ತದೆ. ಅಲಹಾಬಾದ್ ವಿಶ್ವವಿದ್ಯಾಲಯ ಹಲವು ದಶಕ ಶುಲ್ಕವನ್ನು ಮುಟ್ಟಿರಲಿಲ್ಲ. 2022ರಲ್ಲಿ ಮುಟ್ಟಿದಾಗ ಬಿಎ ವಿದ್ಯಾರ್ಥಿಯ ವಾರ್ಷಿಕ ಶುಲ್ಕ 975ರಿಂದ 4,151 ರೂಪಾಯಿಗೆ ಏರಿತು, ನಾಲ್ಕು ಪಟ್ಟಿಗೂ ಹೆಚ್ಚು. ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಹಾಸ್ಟೆಲಿನ ಒಬ್ಬರ ಕೋಣೆಯ ಬಾಡಿಗೆಯನ್ನು ತಿಂಗಳಿಗೆ 20ರಿಂದ 600 ರೂಪಾಯಿಗೆ ಏರಿಸಲು ಹೊರಟಾಗ ಎದ್ದ ಪ್ರತಿಭಟನೆಯನ್ನು ದೇಶವೇ ನೋಡಿತು.

ವರ್ಷಕ್ಕೆ ಶೇ 5ರಂತೆ ಏರಿಸಿದರೆ 2,000 ರೂಪಾಯಿ ಮರುವರ್ಷ 2,100 ಆಗುತ್ತದೆ, ಮನೆಯವರು ಗೊಣಗಿ ಕಟ್ಟುತ್ತಾರೆ. ಅದನ್ನೇ ಹತ್ತು ವರ್ಷ ತಡೆದು ಒಮ್ಮೆಗೇ ಸರಿಗಟ್ಟಲು ಹೋದರೆ ಶೇ 63ರಷ್ಟು ಏರಿಸಬೇಕು, 2,000 ಇದ್ದದ್ದು 3,250ರ ಮೇಲೆ. ಹತ್ತು ವರ್ಷದಲ್ಲಿ ಓದಿ ಹೋದವರು ಲಾಭ ಪಡೆದರು, ಹನ್ನೊಂದನೆಯ ವರ್ಷ ಬಂದವರು ಎಲ್ಲರ ಬಾಕಿಯನ್ನೂ ಹೊತ್ತರು. ಆ ತಂಡದವರು ಮಾಡಿದ ತಪ್ಪು ತಡವಾಗಿ ಹುಟ್ಟಿದ್ದೊಂದೇ.

ಪರೀಕ್ಷಾ ಶುಲ್ಕದ ವಿಷಯ ಬೇರೆಯೇ ಒಂದು ಲೇಖನ ಬೇಡುತ್ತದೆ, ಇಲ್ಲಿ ಒಂದು ಮಾತು ಮಾತ್ರ. ಪ್ರವೇಶದ ದಿನ ಹೇಳುವ ಮೊತ್ತದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಸೆಮಿಸ್ಟರ್ ಕೊನೆಗೆ ಪ್ರತ್ಯೇಕ ಅಧಿಸೂಚನೆಯಾಗಿ ಬರುತ್ತದೆ. ಕಟ್ಟಲು ಕೆಲವೇ ದಿನ, ಆಮೇಲೆ ದಂಡಸಹಿತ. ವರ್ಷದಲ್ಲಿ ಎರಡು ಸಲ ಬಂದೇ ಬರುವ ಖರ್ಚನ್ನು ಅನಿರೀಕ್ಷಿತ ಅತಿಥಿಯಂತೆ ಪ್ರತಿಸಲ ಹೊಸದಾಗಿ ಪರಿಚಯಿಸುವ ಅಗತ್ಯವೇನು? ಅರ್ಜಿ, ಪ್ರವೇಶ, ಪರೀಕ್ಷೆ ಎಲ್ಲವನ್ನೂ ಈಗ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದಲ್ಲಿ ಮಾಡಬಹುದಾಗಿದೆ. ಆರು ಸೆಮಿಸ್ಟರ್‌ಗಳ ಎಲ್ಲ ಶುಲ್ಕವನ್ನೂ ಅರ್ಜಿ ತುಂಬುವ ದಿನವೇ ಒಂದು ಪುಟದಲ್ಲಿ ತೋರಿಸಲು ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ.

ನಿಗದಿ ಮಾಡುವ ಕಾಲ ಮತ್ತು ವಸೂಲು ಮಾಡುವ ಕಾಲ ಒಂದೇ ಆಗಿರಬೇಕಿಲ್ಲ. ಇದನ್ನು ಬೇರೆ ಮಾಡಿದರೆ ಅರ್ಧ ಕಗ್ಗಂಟು ಬಿಚ್ಚುತ್ತದೆ. ನಮ್ಮ ಕಡೆ ಜೂನ್, ಜುಲೈ ಎಂದರೆ ಮನೆಯ ಗಂಟು ತೆಳ್ಳಗಿರುವ ಕಾಲ. ಬಿತ್ತನೆಗೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ. ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ ಕೂಲಿ. ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳ ಮನೆಗಳಿಂದ ಗುಳೆ ಹೋದವರು ಬಿತ್ತಲು ಊರಿಗೆ ಮರಳಿರುತ್ತಾರೆ, ದುಡಿದು ತಂದದ್ದು ಹೊಲಕ್ಕೆ ಸುರಿದು ಹೋಗಿರುತ್ತದೆ. ಹಣ ಬರುವುದು ನವೆಂಬರ್‌ನಿಂದ ಈಚೆಗೆ. ಮುಂಗಾರಿನ ಭತ್ತ, ಹತ್ತಿ, ಆಮೇಲೆ ತೊಗರಿ, ಅದರ ಹಿಂದೆ ಮೆಣಸಿನಕಾಯಿ. ಸೇರುವಾಗ ಸಣ್ಣ ಪಾಲು, ಉಳಿದದ್ದು ಡಿಸೆಂಬರ್ ನಂತರ ಎಂದು ಎರಡು ಕಂತು ಮಾಡಿದರೆ ವಿಶ್ವವಿದ್ಯಾಲಯ ಕಳೆದುಕೊಳ್ಳುವುದು ಕೆಲವು ತಿಂಗಳ ಬ್ಯಾಂಕ್ ಬಡ್ಡಿ. ಆ ಮನೆ ಉಳಿಸಿಕೊಳ್ಳುವುದು ಕೈಸಾಲದ ಬಡ್ಡಿ. ಎರಡರ ದರಕ್ಕೂ ಅಜಗಜಾಂತರ.

ಹಾಗಾದರೆ ನಿಗದಿ ಯಾವಾಗ? ನನ್ನ ಉತ್ತರ ಪಂಚಾಂಗದಲ್ಲಿಯೇ ಇದೆ. ನಮ್ಮ ಹಳ್ಳಿಗಳಲ್ಲಿ ವರ್ಷದ ಆಳಿನ ಸಂಬಳ ಮಾತಾಗುವುದು ಯುಗಾದಿಗೆ, ಹೊಲವನ್ನು ಪಾಲಿಗೋ ಲೀಜಿಗೋ ಕೊಡುವುದೂ ಆಗಲೇ. ಮಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲ, ದರ ಏನಾಗುತ್ತದೆ ಗೊತ್ತಿಲ್ಲ, ಆದರೂ ಮಾತಾಗುತ್ತದೆ. ಮಾತಾದ ಮೇಲೆ ಶ್ರಾವಣದಲ್ಲಿ ಬಂದು ‘ಸಂಬಳ ಪರಿಷ್ಕರಿಸಿದ್ದೇನೆ’ ಎಂದರೆ ಕಟ್ಟೆಯ ಮೇಲೆ ಕುಳಿತವರು ನಗುತ್ತಾರೆ. ರಾಜ್ಯ ಬಜೆಟ್ ಯುಗಾದಿಗೆ ಮೊದಲೇ ಮುಗಿದಿರುತ್ತದೆ. ಪದವಿ ಪ್ರವೇಶ ಇನ್ನೂ ಎರಡು ತಿಂಗಳ ಆಚೆ ಇರುತ್ತದೆ. ಯುಜಿಸಿಯ 60 ದಿನಗಳೂ ಸರಿಹೊಂದುತ್ತವೆ.

ಬಜೆಟ್ಟಿಗೆ ಮೊದಲೇ ಏನನ್ನೂ ಹೇಳಲಾಗದು ಎಂಬ ವಾದಕ್ಕೂ ಮದ್ದಿದೆ. ಸಂಕ್ರಾಂತಿಯ ಹೊತ್ತಿಗೆ, ಮನೆಯಲ್ಲಿ ಪೀಕು ಮಾರಿದ ಹಣ ಇರುವಾಗ, ಗರಿಷ್ಠ ಮಿತಿಯನ್ನು ಪ್ರಕಟಿಸಲಿ: ಮುಂದಿನ ವರ್ಷ ಈ ಕೋರ್ಸಿಗೆ ಇದಕ್ಕಿಂತ ಹೆಚ್ಚು ಕೇಳುವುದಿಲ್ಲ, ಪರೀಕ್ಷಾ ಶುಲ್ಕವೂ ಸೇರಿ. ಅನುದಾನ ಚೆನ್ನಾಗಿ ಬಂದರೆ ಯುಗಾದಿಗೆ ಅಂತಿಮ ಪಟ್ಟಿಯಲ್ಲಿ ಇಳಿಸಲಿ. ಇಳಿಸಬಹುದು, ಏರಿಸುವಂತಿಲ್ಲ. ವಿಶ್ವವಿದ್ಯಾಲಯ ಭಯದಿಂದ ಮಿತಿಯನ್ನೇ ಎತ್ತರ ಇಡಬಹುದು ಎಂಬ ಆಕ್ಷೇಪ ಸರಿಯೇ, ಇಲಿನಾಯ್‌ನ ಪಾಠವೂ ಅದೇ. ಅದಕ್ಕೆ ಕಡಿವಾಣ ಎಂದರೆ ಒಂದು ವರ್ಷದ ಮಿತಿ ಹಿಂದಿನ ವರ್ಷಕ್ಕಿಂತ ಇಂತಿಷ್ಟು ಶೇಕಡಕ್ಕಿಂತ ಮೀರಬಾರದು ಎಂದು ಸರ್ಕಾರ ಕಟ್ಟುಮಾಡುವುದು. ಅದರ ಬದಲಿಗೆ ಸರ್ಕಾರವೂ ಒಂದು ಮಾತು ಕೊಡಬೇಕಾಗುತ್ತದೆ: ಮುಂದಿನ ಮೂರು ವರ್ಷ ಕನಿಷ್ಠ ಇಷ್ಟು ಅನುದಾನ ತಪ್ಪುವುದಿಲ್ಲ ಎಂದು. ಅದಿಲ್ಲದೆ ತಳಕಲ್ ಅಥವಾ ಯರಗೇರಾದ ಹಣಕಾಸು ಅಧಿಕಾರಿಯನ್ನು ಮಾತ್ರ ಹಿಡಿದು ಕೇಳುವುದು ಅನ್ಯಾಯ.

ಇದೆಲ್ಲ ಆಗುವವರೆಗೆ ಪೋಷಕರು, ವಿದ್ಯಾರ್ಥಿಗಳು ಏನು ಮಾಡಬಹುದು? ಪ್ರವೇಶಕ್ಕೆ ಮೊದಲು ವಿವರಣಾ ಪುಸ್ತಿಕೆ ಕೇಳಿ. ‘ಸುಮಾರು ಇಷ್ಟಾಗುತ್ತದೆ’ ಎಂಬ ಬಾಯಿಮಾತನ್ನು ಒಪ್ಪಬೇಡಿ, ಬಿಡಿ ಸಾಲುಗಳಿರುವ ಪಟ್ಟಿ ಪಡೆಯಿರಿ. ಪುಸ್ತಿಕೆಯಲ್ಲಿ ಇಲ್ಲದ ಮೊತ್ತ ಕೇಳಿದರೆ ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಲಿಖಿತವಾಗಿ ಕೊಡಿ, ಅಲ್ಲಿ ಬಗೆಹರಿಯದಿದ್ದರೆ ವಿಶ್ವವಿದ್ಯಾಲಯ ನೇಮಿಸಬೇಕಾದ ಲೋಕಪಾಲರ ಬಳಿ ಹೋಗಬಹುದು. ಇದೂ 2023ರ ನಿಯಮಗಳಲ್ಲಿಯೇ ಇದೆ.

ಇನ್ನೊಂದು ಅಗ್ಗದ ದಾರಿ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಅಷ್ಟು ಪದ ಬೇಕಾಗುವುದೂ ಇಲ್ಲ. ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಎರಡು ಸಾಲು ಬರೆದರೆ ಸಾಕು: ಈ ವರ್ಷದ ಶುಲ್ಕಪಟ್ಟಿಗೆ ಸಿಂಡಿಕೇಟ್ ಒಪ್ಪಿಗೆ ಕೊಟ್ಟ ದಿನಾಂಕ ಯಾವುದು? ಈ ವರ್ಷದ ಮೊದಲ ವಿದ್ಯಾರ್ಥಿಯಿಂದ ಶುಲ್ಕ ಪಡೆದ ದಿನಾಂಕ ಯಾವುದು?